ಮಕ್ಕಳ ಹತ್ರ ಕಥೆಯ ನೀತಿ ಕೇಳೋ ಬದ್ಲು ಹೀಗೆ ಕೇಳಿ

ಆಮೆ-ಮೊಲದಂಥ ಕಥೆ ಮುಗಿದ್ಮೇಲೆ "ಇದ್ರ ನೀತಿ ಏನು?" ಅಂತ ಕೇಳ್ಬೇಡಿ, "ಆ ಮೊಲ ನಾಳೆ ಮತ್ತೆ ರೇಸಿಗೆ ಹೋದ್ರೆ ಏನ್ ಬೇರೆ ಮಾಡತ್ತೆ?" ಅಂತ ಕೇಳಿ ನೋಡಿ. "ಮೊದ್ಲು ಗೆಲ್ಲತ್ತೆ, ಆಮೇಲೆ ಮಲಗತ್ತೆ" ಅಂತ ಥಟ್ಟನೆ ಬರತ್ತೆ, ಅದೇ ನೀತಿ ಕಣ್ರೀ, ಅದನ್ನ ದೊಡ್ಡೋರ ಮಾತಾಗಿ ತಿದ್ದೋಕೆ ಹೋಗ್ಬೇಡಿ. ಐದಾರು ವರ್ಷದ ಮಕ್ಕಳಿಗೆ ನೀತಿ ಅನ್ನೋದು ಕೈಗೆ ಸಿಗದ ವಿಷ್ಯ, ಆದ್ರೆ ಯಾರು ಏನ್ ಮಾಡಿದ್ರು ಅದಕ್ಕೆ ಏನಾಯ್ತು ಅನ್ನೋದು ಕಣ್ಮುಂದೇನೇ ಇರತ್ತೆ, ಅಲ್ಲಿಂದ ಹಿಡ್ಕೋತಾರೆ. ಕಾಗೆ-ನರಿ ಕಥೆ ಥರ, ಮೋಸ ಮಾಡಿದವರೇ ಗೆಲ್ಲೋ ಕಥೇಲಿ ಮಾತ್ರ ಇದು ಕೈಕೊಡತ್ತೆ, ಮಕ್ಕಳು ಸೀದಾ ನರಿ ಪಾರ್ಟಿ ಸೇರ್ಕೊಂಡುಬಿಡ್ತಾರೆ (ಪೂರ್ತಿ ತಪ್ಪೂ ಅಲ್ಲ ಬಿಡಿ), ಅಲ್ಲಿ ಕಾಗೆ ಬಗ್ಗೆನೇ ಕೇಳ್ಬೇಕು. ನಿದ್ದೆಗಣ್ಣಲ್ಲಿದ್ರಂತೂ ಕೇಳ್ಲೇಬೇಡಿ, "ಗೊತ್ತಿಲ್ಲ" ಒಂದೇ ಉತ್ತರ.