ಫ್ರೀ ವೈಫೈ ಬಳಸಿದ ಮೇಲೆ ಅದರ ಹೆಸರನ್ನು ಫೋನಿನಿಂದ ತೆಗೆಯಿರಿ

ಮಡಿಕೇರಿಯ ಕೆಫೆಯಲ್ಲೋ ಕುಶಾಲನಗರದ ಹೋಟೆಲಿನಲ್ಲೋ ಫ್ರೀ ವೈಫೈ ಬಳಸಿದರೆ, ಹೊರಡುವ ಮೊದಲು ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಡಿ. ಪಾಸ್‌ವರ್ಡ್ ಇಲ್ಲದ ವೈಫೈಯನ್ನು ಫೋನ್ ಗುರುತಿಸುವುದು ಹೆಚ್ಚುಕಡಿಮೆ ಹೆಸರಿನಿಂದಲೇ. ಅದೇ ಹೆಸರಿನ ಹಾಟ್‌ಸ್ಪಾಟನ್ನು ಯಾರು ಬೇಕಾದರೂ ತೆರೆಯಬಹುದು. ಫೋನ್ ಜೇಬಿನಲ್ಲಿದ್ದಾಗಲೇ, ನಿಮ್ಮನ್ನು ಕೇಳದೆ, ಅದಕ್ಕೆ ಸೇರಿಕೊಳ್ಳಬಹುದು. ದಿನಾ ಹೋಗುವ ಜಾಗವಾದರೆ ಸುಮ್ನೆ ‘ಆಟೋ ಕನೆಕ್ಟ್’ ಆಫ್ ಮಾಡಿದರೂ ಸಾಕು. ಆದರೆ ಮೊದಲ ಸಲವೇ ನಕಲಿ ವೈಫೈಗೆ ಸೇರಿದ್ದರೆ ಇದರಿಂದ ಪ್ರಯೋಜನವಿಲ್ಲ, ಹಾಗಾಗಿ ಸರಿಯಾದ ಹೆಸರನ್ನು ಕೌಂಟರಿನಲ್ಲೇ ಕೇಳಿಕೊಳ್ಳಿ. ಲಾಗಿನ್ ಪೇಜ್ ಮೊಬೈಲ್ ನಂಬರ್ ಮತ್ತು ಒಟಿಪಿ ಕೇಳುವುದು ಮಾಮೂಲಿ. ಇಮೇಲ್ ಪಾಸ್‌ವರ್ಡ್, ಕಾರ್ಡ್ ನಂಬರ್, ಯುಪಿಐ ಪಿನ್ ಕೇಳಿದರೆ ಮಾತ್ರ ಅಲ್ಲಿಗೇ ಬಿಟ್ಟುಬಿಡಿ. ಬ್ರೌಸರಿನ ಬೀಗದ ಗುರುತನ್ನು ನಂಬಿ ಕೂರಬೇಡಿ, ಅದು ಮೋಸದ ಸೈಟಿಗೂ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಟ್ಟಾಗ ನಾವೆಲ್ಲ ಸಿಕ್ಕಿದ ವೈಫೈಗೆ ಸೇರುವುದು ಜಾಸ್ತಿ ಅಲ್ವಾ, ಈ ಹೆಸರುಗಳ ಪಟ್ಟಿ ಬೆಳೆಯುವುದೇ ಆಗ. ಮನೆಯ ಹಿರಿಯರ ಫೋನಿನಲ್ಲೂ ಒಮ್ಮೆ ನೋಡಿ ಅಳಿಸಿಕೊಡಿ.