ಬೈಯೋ ಡಾಕ್ಟರಿಗಿಂತ ಒಳ್ಳೇ ಡಾಕ್ಟರೇ ಕಷ್ಟ

ನರ್ಸ್-ಡಾಕ್ಟರ್ ತಿಕ್ಕಾಟ ಅಂದರೆ ಎಲ್ಲರಿಗೂ ನೆನಪಾಗೋದು ರೌಂಡ್ಸ್‌ನಲ್ಲಿ ಕೂಗಾಡುವ ದೊಡ್ಡ ಡಾಕ್ಟರ್. ಮುಂಬೈಯ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಅಂಥವರನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಅಂಥವರು ಹೇಳಿದ್ದನ್ನು ಎಲ್ಲರೂ ಹುಷಾರಾಗಿ ಕೇಳಿ, ಬರೆದು, ಸಹಿ ಹಾಕಿಸಿಕೊಂಡೇ ಮಾಡುತ್ತಾರೆ. ಅವರಿಗೆ ರಾತ್ರಿ ಫೋನ್ ಮಾಡೋಕೆ ಕೈ ನಡುಗುತ್ತೆ ಅನ್ನೋದು ಬೇರೆ ಮಾತು. ಅದನ್ನು ಆಮೇಲೆ ಹೇಳುತ್ತೇನೆ. ನನಗೆ ಜಾಸ್ತಿ ಕಷ್ಟ ಆಗಿದ್ದು ಒಳ್ಳೆಯವರ ಜೊತೆ.

ನಮ್ಮ ವಾರ್ಡಿಗೆ ಹುಬ್ಬಳ್ಳಿ ಕಡೆಯ ಒಬ್ಬ ಆರ್‌ಎಂಒ, ಅಂದರೆ ಆಸ್ಪತ್ರೆಯಲ್ಲೇ ಇರೋ ಡ್ಯೂಟಿ ಡಾಕ್ಟರ್, ಬಂದಿದ್ದರು. ನಾನು ಕುಮಟಾದವಳು. ಮರಾಠಿ, ಹಿಂದಿ, ಮಲಯಾಳಂ ನಡುವೆ ಕನ್ನಡದವರು ನಾವಿಬ್ಬರೇ. ಡಬ್ಬಿ ಹಂಚಿಕೊಂಡು ತಿನ್ನೋ ಸಲುಗೆ. ಒಂದು ರಾತ್ರಿ ಕ್ಯಾಜುವಾಲ್ಟಿಯಿಂದ ಅವರ ಫೋನ್. "ಅಕ್ಕಾ, ಆರನೇ ಬೆಡ್ಡಿಂದು ಪೊಟ್ಯಾಸಿಯಂ ಕಡಿಮಿ ಬಂದೈತಿ. ಒಂದು ಕೆಸಿಎಲ್ ಹಾಕ್ರಿ. ಮುಂಜಾನೆ ಬಂದು ಸೈನ್ ಮಾಡ್ತೀನಿ."

ಕೆಸಿಎಲ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಒಂದು ಅಂದರೆ 10 ಎಂಎಲ್ ಆಂಪ್ಯೂಲ್, ಔಷಧಿಯ ಸಣ್ಣ ಸೀಸೆ. 15 ಪರ್ಸೆಂಟಿನದಾದರೆ ಅದರಲ್ಲಿ 20 ಮಿಲಿಈಕ್ವಿವಲೆಂಟ್ (ಇಂಥ ಲವಣ ಅಳೆಯೋ ಮಾನ) ಪೊಟ್ಯಾಸಿಯಂ ಇರುತ್ತದೆ. ಡ್ರಿಪ್ಪಿನಲ್ಲಿ ಚೆನ್ನಾಗಿ ಬೆರೆಸಿ ನಿಧಾನವಾಗಿ ಬಿಟ್ಟರೆ ಔಷಧಿ. ಸಿರಿಂಜಿನಲ್ಲಿ ನೇರ ನರಕ್ಕೆ ತಳ್ಳಿದರೆ ಹೃದಯವೇ ನಿಲ್ಲಬಹುದು. ವಾರ್ಡಿನಲ್ಲಿ ಕೈಯ ನರಕ್ಕೆ ಗಂಟೆಗೆ 10 ಮಿಲಿಈಕ್ವಿವಲೆಂಟ್ ದಾಟಬಾರದು ಅನ್ನೋದು ಸಾಮಾನ್ಯ ಲೆಕ್ಕ. ಯೂರಿನ್ ಸರಿಯಾಗಿ ಹೋಗ್ತಿದೆಯಾ ಅಂತಲೂ ನೋಡಬೇಕು. ಕಿಡ್ನಿ ಹೊರಗೆ ಹಾಕದಿದ್ದರೆ ಪೊಟ್ಯಾಸಿಯಂ ಮೈಯಲ್ಲೇ ಏರುತ್ತಾ ಹೋಗುತ್ತದೆ.

"ಯಾವ ಡ್ರಿಪ್ಪಿಗೆ ಡಾಕ್ಟ್ರೇ? ಎಷ್ಟು ಗಂಟೆಯಲ್ಲಿ?"

"ನಿಮಗ ಗೊತ್ತಿಲ್ಲೇನ್ರೀ ಅಕ್ಕಾ!"

ಗೊತ್ತಿತ್ತು. ಸಿಕ್ಕಿಹಾಕಿಕೊಳ್ಳೋದೇ ಅಲ್ಲಿ. ಅವರು ಬಿಟ್ಟಿದ್ದನ್ನು ನಾನು ತುಂಬಿಸಿ ಬರೆದರೆ ಅದು ಅವರ ಆರ್ಡರ್ ಆಗೋದಿಲ್ಲ, ನನ್ನದಾಗುತ್ತದೆ. ಔಷಧಿ ಬರೆಯೋ ಅಧಿಕಾರ ನನಗಿಲ್ಲ. ಹೆಚ್ಚುಕಡಿಮೆ ಆದರೆ 'ಡಾಕ್ಟರ್ ಹೇಳಿದ್ರು' ಅಂತ ನಾನು, 'ಸಿಸ್ಟರ್‌ಗೆ ಗೊತ್ತಿತ್ತಲ್ಲ' ಅಂತ ಅವರು.

"ಗೊತ್ತು. ಆದ್ರೂ ನಿಮ್ಮ ಬಾಯಿಂದಲೇ ಬರಲಿ" ಅಂದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಹೇಳಿದರು: 500 ಎಂಎಲ್ ನಾರ್ಮಲ್ ಸಲೈನ್‌ನಲ್ಲಿ, ನಾಲ್ಕು ಗಂಟೆ. ಸ್ಪೀಕರ್ ಹಾಕಿ ಪಕ್ಕದ ಸಿಸ್ಟರ್‌ಗೂ ಕೇಳಿಸಿದೆ. ಬರೆದುಕೊಂಡು, ಪೇಷೆಂಟ್ ಹೆಸರಿನಿಂದ ಹಿಡಿದು ಎಲ್ಲವನ್ನೂ ವಾಪಸ್ ಓದಿ ಹೇಳಿದೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡೋ ಸಂಸ್ಥೆ) ಮಾನ್ಯತೆಗೆ ಹೋಗುವ ಆಸ್ಪತ್ರೆಗಳಲ್ಲಿ ಹೀಗೆ ವಾಪಸ್ ಓದಲೇಬೇಕು. ಆದರೆ ಸಲುಗೆ ಇದ್ದ ಕಡೆ ಮೊದಲು ಬಿಟ್ಟುಹೋಗೋದೇ ಇದು. ಅಂಕಿಗಳನ್ನು ಒಂದೊಂದಾಗಿ ಹೇಳುವುದು ನನ್ನ ಅಭ್ಯಾಸ: 'ಒನ್ ಫೈವ್', 'ಫೈವ್ ಝೀರೋ'. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳಿಸುತ್ತವೆ. ಹಿಂದಿ ಅಂಕಿಗಳಂತೂ ಮಲಯಾಳಿ ಹುಡುಗಿಯರಿಗೂ ಗೊಂದಲ, ನನಗೂ ಗೊಂದಲ.

ಎರಡು ದಿನ ಅವರು ಮುಖ ಊದಿಸಿಕೊಂಡೇ ಇದ್ದರು. ಡಬ್ಬಿಗೂ ಬರಲಿಲ್ಲ. ಮೂರನೇ ದಿನ ತಾವಾಗಿಯೇ ಬಂದರು.

ಇನ್ನು ಹೆದರಿಸೋ ಡಾಕ್ಟರ ವಿಷಯ. 'ಸರ್, ಪೇಷೆಂಟ್ ಸರಿ ಇಲ್ಲ' ಅಂತ ಶುರು ಮಾಡಿದರೆ ನಿದ್ದೆಗಣ್ಣಲ್ಲಿ ಯಾರಾದರೂ ಬೈತಾರೆ. ನಾನು ಕೇಸ್ ಪೇಪರ್ ಎದುರಿಗಿಟ್ಟುಕೊಂಡೇ ಫೋನ್ ಎತ್ತೋದು. "ಸರ್, ಬೆಡ್ ಹನ್ನೊಂದು, ನಿನ್ನೆ ಹೊಟ್ಟೆ ಆಪರೇಶನ್ ಆದವರು. ಬಿಪಿ 90/60, ಪಲ್ಸ್ 124, ಉಸಿರು 28. ಎರಡು ಗಂಟೆಯಲ್ಲಿ ಯೂರಿನ್ ಬರೀ 20 ಎಂಎಲ್. ಒಳಗೆ ಬ್ಲೀಡಿಂಗ್ ಇರಬಹುದು ಅನಿಸ್ತಿದೆ. ನೀವು ಬಂದು ನೋಡಬೇಕು." ಅರವತ್ತು ಕಿಲೋ ತೂಕದವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು, ಅಲ್ವಾ? ಅಂಕಿ ಕೇಳಿದ ಮೇಲೆ ಬೈಯೋರು ಕಡಿಮೆ. ಈಗಿನ ಪರಿಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಏನು ಮಾಡಬೇಕು ಅನ್ನೋ ಸಲಹೆ: ಈ ಕ್ರಮಕ್ಕೆ ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಎಸ್‌ಬಿಎಆರ್ ಅಂತಾರೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ಕೊನೆಯ ವಾಕ್ಯವನ್ನು ನಮ್ಮ ಹುಡುಗಿಯರು ನುಂಗಿಬಿಡುತ್ತಾರೆ. 'ಬನ್ನಿ' ಅಂತ ಡಾಕ್ಟರಿಗೆ ಹೇಳೋದು ಅಹಂಕಾರ ಅಂತ ಅವರಿಗೆ ಅನಿಸುತ್ತದೆ.

ನೋಟ್ಸ್‌ನಲ್ಲಿ 'ಡಾಕ್ಟರಿಗೆ ತಿಳಿಸಿದೆ' ಅಂತಷ್ಟೇ ಬರೆದರೆ ಯಾರಿಗೂ ಉಪಯೋಗ ಇಲ್ಲ. ಎಷ್ಟು ಗಂಟೆಗೆ, ಯಾರಿಗೆ, ಯಾವ ಅಂಕಿ ಹೇಳಿದೆ, ಅವರು ಏನಂದರು, ಇಷ್ಟೂ ಬೇಕು. ಫೋನ್ ಎತ್ತದಿದ್ದರೆ ಅದೂ ಬೇಕು, ಆದರೆ ದೂರಿನ ಧಾಟಿಯಲ್ಲಿ ಅಲ್ಲ.

ನನಗೆ ಇವತ್ತಿಗೂ ಬಗೆಹರಿಯದ್ದು ವಾಟ್ಸಾಪ್. ದೊಡ್ಡ ಡಾಕ್ಟರು ಅಂಧೇರಿಯಲ್ಲಿ ಆಪರೇಶನ್ ಮುಗಿಸಿ ಮುಲುಂಡಿಗೆ ಹೊರಟಿರುತ್ತಾರೆ. ಟ್ರಾಫಿಕ್‌ನಲ್ಲಿ ಕೂತು ನನ್ನ ಸ್ವಂತ ಮೊಬೈಲಿಗೆ ಇನ್ಸುಲಿನ್ ಡೋಸ್ ಕಳಿಸುತ್ತಾರೆ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರೋ ಬಾಟಲಿಯೂ ಇದೆ, 100 ಇರೋದೂ ಇದೆ. ಕೆಂಪು ಮುಚ್ಚಳದ ಸಿರಿಂಜ್ ಒಂದಕ್ಕೆ, ಕಿತ್ತಳೆ ಬಣ್ಣದ್ದು ಇನ್ನೊಂದಕ್ಕೆ. ಮೆಸೇಜನ್ನು ನಾನು ಆರ್‌ಎಂಒಗೆ ತೋರಿಸುತ್ತೇನೆ. ಅವರು ಶೀಟಿನಲ್ಲಿ ಬರೆದು, ಬರೀ 'U' ಅಲ್ಲ, 'ಯೂನಿಟ್' ಅಂತ ಪೂರ್ತಿ ಬರೆದು, ಸಹಿ ಹಾಕಿದ ಮೇಲೇ ಕೊಡೋದು. ತಡವಾಯಿತು ಅಂತ ದೊಡ್ಡವರಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ವಾರ್ಡಿಗೇ ಒಂದು ಮೊಬೈಲ್ ಕೊಡಿ ಅಂತ ಇನ್‌ಚಾರ್ಜ್ ಸಿಸ್ಟರ್ ಮೂಲಕ ಬರೆದುಕೊಟ್ಟಿದ್ದೇವೆ. ಇನ್ನೂ ಬಂದಿಲ್ಲ.