ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಗಳ ಬ್ರೇಕ್ ಬಿಚ್ಚುವವರಿಗೆ

ಮೊದಲ ಮಾತು: ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಹಾಗೇ ಇರಲಿ. ಸ್ಪ್ರಿಂಗ್ ಯಾವ ತೂತಿಗೆ ಎಂಬ ಗೊಂದಲ ಬಂದಾಗ ಹೋಗಿ ನೋಡಬಹುದು. ಫೋಟೋ ತೆಗೆದಿದ್ದರೂ ಬೇಕಾದ ಮೂಲೆಯೇ ಅದರಲ್ಲಿ ಕಾಣಿಸುವುದಿಲ್ಲ!

ಡ್ರಮ್ (ಬ್ರೇಕನ್ನು ಮುಚ್ಚಿ ಚಕ್ರದ ಜೊತೆ ತಿರುಗುವ ಡಬ್ಬಿ) ಹೊರಬರದಿದ್ದರೆ ಸುತ್ತಿಗೆ ಎತ್ತುವ ಮುನ್ನ ಬ್ರೇಕಿನ ಬಿಗಿತ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಹ್ಯಾಂಡ್‌ಬ್ರೇಕ್ ಬಿಡಿ. ಒಳಗಿನ ಧೂಳನ್ನು ಊದಬೇಡಿ. ಉಜ್ಜಿ ಸವೆಯುವ ಪದರವಾದ ಹಳೇ ಲೈನಿಂಗ್‌ನಲ್ಲಿ ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಶೂ (ಡ್ರಮ್ಮಿಗೆ ಒತ್ತುವ, ಲೈನಿಂಗ್ ಇರುವ ಕಮಾನು) ಒದ್ದೆಯಾಗಿದ್ದರೆ ಆ ಒದ್ದೆ ಏನೆಂದು ನೋಡಿ. ತೆಳ್ಳಗಿದ್ದರೆ ಬ್ರೇಕ್ ದ್ರವ, ಅಂದರೆ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ. ದಪ್ಪಗೆ, ಗೇರ್ ಆಯಿಲ್ ವಾಸನೆ ಇದ್ದರೆ ಆಕ್ಸಲ್ ಸೀಲ್ (ಆಕ್ಸಲ್ ಒಳಗಿನ ಎಣ್ಣೆ ತಡೆಯುವ ಬಳೆ) ಹೋಗಿದೆ. ಸೋರಿಕೆ ಸರಿಮಾಡದೆ ಹೊಸ ಶೂ ಹಾಕಿದರೆ ದುಡ್ಡು ನೀರುಪಾಲು.

ನಿಜವಾದ ತಲೆನೋವು ಸಿಲಿಂಡರ್ ಹಿಡಿದಿಡುವ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ. ನಾನು ಒಂದಿಡೀ ಮಧ್ಯಾಹ್ನ ಕೂತು ಎರಡು ಕ್ಲಿಪ್ ಹಾಳು ಮಾಡಿದ್ದೇನೆ. ಆಮೇಲೆ ಹೊಳೆದದ್ದು: ಹಬ್ಬಿಗೂ (ಚಕ್ರ ಕೂರುವ ನಡುಭಾಗ) ಸಿಲಿಂಡರಿಗೂ ನಡುವೆ ಮರದ ತುಂಡು ಬಿಗಿಯಾಗಿ ತುರುಕಿ, ಸಿಲಿಂಡರ್ ತನ್ನ ಹಿಂದಿನ ತಗಡಿಗೆ, ಅಂದರೆ ಬ್ಯಾಕ್‌ಪ್ಲೇಟಿಗೆ ಒತ್ತಿಕೊಂಡು ನಿಲ್ಲುವಂತೆ ಮಾಡಿ, ಹಿಂದಿನಿಂದ ಸರಿಯಾದ ಅಳತೆಯ ಸಾಕೆಟ್ (ನಟ್ ಬಿಚ್ಚುವ ಕೊಳವೆ) ಇಟ್ಟು ಕ್ಲಿಪ್ ಒತ್ತುವುದು. ಟಕ್ ಎಂದು ಕೂರುತ್ತದೆ. ಬ್ರೇಕ್ ಪೈಪಿನ ನಟ್ಟನ್ನು ಕ್ಲಿಪ್ ಹಾಕುವ ಮೊದಲೇ ಸಿಲಿಂಡರಿಗೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿಟ್ಟಿರಿ, ಬಿಗಿ ಮಾಡುವುದು ಆಮೇಲೆ.

ಜೋಡಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವಾಗಿಯೇ ಇರಲಿ. ಡ್ರಮ್ ತಿರುಗದಷ್ಟು ಅಡ್ಜಸ್ಟರ್ ಬಿಗಿದು, ಸಲೀಸಾಗಿ ತಿರುಗುವವರೆಗೆ ಹಿಂದಕ್ಕೆ ಬಿಡಿ. ಕೇಬಲ್ ಸರದಿ ಕೊನೆಗೆ. ಬ್ಲೀಡ್ ಮಾಡುವಾಗ (ಪೈಪಿನೊಳಗಿನ ಗಾಳಿ ಹೊರಹಾಕುವಾಗ) ಡಾಟ್ 4 ಬ್ರೇಕ್ ದ್ರವ ಕಾರಿನ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.